ಪಾಪರ್ ಚೀಟಿಗೆ ಬಗ್ಗದ ಸಾಲ

"ಅವನು ಪಾಪರ್ ಚೀಟಿ ತಗೊಂಡ್ಬಿಟ್ಟ ಕಣ್ರೀ." ಈ ಮಾತು ಕೇಳದ ಕನ್ನಡಿಗ ಕಡಿಮೆ. ಪಾಪರ್ ಅಂದರೆ ಇಂಗ್ಲಿಷಿನಲ್ಲಿ ಕಡುಬಡವ. ಪಕ್ಕದ ತೆಲುಗರು "ಐ.ಪಿ. ಇಟ್ಟ" ಅಂತಾರೆ, ಅಂದರೆ ಇನ್‌ಸಾಲ್ವೆನ್ಸಿ ಪಿಟಿಷನ್. ಜನರ ಲೆಕ್ಕ ಸರಳ: ಚೀಟಿ ಸಿಕ್ಕಿತು, ಸಾಲ ಹೋಯಿತು. ಆದರೆ ಸಾಲ ಕೊಟ್ಟವರ ಸಾಲಿನಲ್ಲಿ ಸರ್ಕಾರವೇ ನಿಂತಿದ್ದರೆ? ತೆರಿಗೆ ಬಾಕಿಯೂ ಹೋಗುತ್ತಾ?

ಇಲ್ಲ. ಯಾಕೆ ಇಲ್ಲ ಅನ್ನೋದಕ್ಕೆ ಬ್ರಿಟಿಷರ ಕಾಲಕ್ಕೆ ಹೋಗಬೇಕು.

ಕಲ್ಕತ್ತಾ, ಬಾಂಬೆ, ಮದ್ರಾಸ್ ನಗರಗಳಿಗೆ 1909ರಲ್ಲಿ ಒಂದು ದಿವಾಳಿ ಕಾಯ್ದೆ ಬಂತು. ಉಳಿದ ಪ್ರಾಂತ್ಯಗಳಿಗೆ 1920ರಲ್ಲಿ ಇನ್ನೊಂದು. ಎರಡೂ ಕೆಲಸ ಮಾಡೋ ರೀತಿ ಒಂದೇ. ಕೋರ್ಟು ಸಾಲಗಾರನ ಆಸ್ತಿಯನ್ನು ವಶಕ್ಕೆ ತಗೊಂಡು, ಮಾರಿ, ಬಂದ ಹಣ ಹಂಚುತ್ತೆ. ಕೊನೆಗೆ ಬಿಡುಗಡೆಯ ಆದೇಶ. ಉಳಿದ ಬಾಕಿಗೆ ಅಲ್ಲಿಗೆ ಮಂಗಳ.

ಆದರೆ 1920ರ ಕಾಯ್ದೆಯ 44ನೇ ಸೆಕ್ಷನ್ ಓದಿ. ಬಿಡುಗಡೆ ಸಿಕ್ಕರೂ ತೀರದ ಸಾಲಗಳ ಪಟ್ಟಿ ಅಲ್ಲಿದೆ. ವಂಚನೆಯಿಂದ ಮಾಡಿದ ಸಾಲ, ಹೆಂಡತಿ ಮಕ್ಕಳ ಜೀವನಾಂಶ ಅದರಲ್ಲಿವೆ. ಅವೆಲ್ಲಕ್ಕಿಂತ ಮೊದಲು ಇರೋದು ಸರ್ಕಾರಕ್ಕೆ ಕೊಡಬೇಕಾದ ಹಣ! ಹಣ ಹಂಚುವಾಗಲೂ ಸರ್ಕಾರಕ್ಕೆ ಮೊದಲ ಸಾಲಿನಲ್ಲೇ ಜಾಗ. ಆ ಸಾಲಿನಲ್ಲಿ ಗುಮಾಸ್ತ, ಆಳು, ಕೂಲಿಯವರಿಗೂ ಜಾಗ ಕೊಟ್ಟರು. ಎಷ್ಟಕ್ಕೆ ಗೊತ್ತಾ? ತಲಾ 20 ರೂಪಾಯಿ ಮೀರದ ಸಂಬಳಕ್ಕೆ. ಸರ್ಕಾರದ ಬಾಕಿಗೆ ಮಾತ್ರ ಮಿತಿಯೇ ಇಲ್ಲ.

ಇದರ ಬೇರು ಇಂಗ್ಲೆಂಡಿನ ಹಳೇ ನಂಬಿಕೆಯಲ್ಲಿದೆ: ರಾಜನ ಸಾಲ ಮೊದಲು, ಪ್ರಜೆಗಳದ್ದು ಆಮೇಲೆ. ರಾಜ ಹೋದ, ಸಂವಿಧಾನ ಬಂತು. ಆದರೂ 1960ರ ದಶಕದಲ್ಲಿ ನಮ್ಮ ಸುಪ್ರೀಂ ಕೋರ್ಟ್ ಈ ತತ್ವವನ್ನು ಉಳಿಸಿಕೊಂಡಿತು. ಕಾರಣ ತಳ್ಳಿಹಾಕುವಂಥದ್ದಲ್ಲ. ತೆರಿಗೆ ಇಲ್ಲದೆ ಸರ್ಕಾರ ನಡೆಯಲ್ಲ.

ನಮ್ಮ ರಾಜ್ಯದ್ದೇ ಒಂದು ಕೇಸ್ ಇದೆ. ಒಂದು ಪಾಲುದಾರಿಕೆ ಸಂಸ್ಥೆ ದೇನಾ ಬ್ಯಾಂಕಿಗೆ ಆಸ್ತಿ ಅಡವಿಟ್ಟಿತ್ತು, ಮಾರಾಟ ತೆರಿಗೆಯನ್ನೂ ಬಾಕಿ ಉಳಿಸಿಕೊಂಡಿತ್ತು. ಆಸ್ತಿ ಯಾರಿಗೆ? ಅಡಮಾನ ಇಟ್ಟುಕೊಂಡ ಬ್ಯಾಂಕಿಗೆ ಸಾಮಾನ್ಯವಾಗಿ ಸರ್ಕಾರಕ್ಕಿಂತ ಮೊದಲ ಹಕ್ಕು. ಆದರೆ ಕರ್ನಾಟಕ ಭೂಕಂದಾಯ ಕಾಯ್ದೆಯ 158ನೇ ಸೆಕ್ಷನ್ ಸರ್ಕಾರದ ಬಾಕಿಯನ್ನು ಅಡಮಾನಕ್ಕಿಂತಲೂ ಮೇಲೆ ಕೂರಿಸಿತ್ತು. 2000ದಲ್ಲಿ ಸುಪ್ರೀಂ ಕೋರ್ಟ್ ರಾಜ್ಯ ಸರ್ಕಾರದ ಹಕ್ಕನ್ನೇ ಎತ್ತಿಹಿಡಿಯಿತು. ಬ್ಯಾಂಕಿಗೇ ಈ ಗತಿಯಾದರೆ, ಕಾಗದವಿಲ್ಲದೆ ಕೈಸಾಲ ಕೊಟ್ಟವನ ಪಾಡೇನು?

2016ರಲ್ಲಿ ಹೊಸ ದಿವಾಳಿ ಸಂಹಿತೆ ಬಂತು. ಅದು ಲೆಕ್ಕವನ್ನೇ ತಿರುಗಿಸಿತು. ವ್ಯಕ್ತಿ ದಿವಾಳಿಯಾದರೆ ಮೊದಲು ಪ್ರಕ್ರಿಯೆಯ ಖರ್ಚು, ಆಮೇಲೆ ಕಾರ್ಮಿಕರು ಮತ್ತು ಅಡಮಾನದ ಸಾಲಗಾರರು, ನಂತರ ಇತರ ನೌಕರರ ಸಂಬಳ. ಅದಾದ ಮೇಲೆ ಸರ್ಕಾರದ ಸರದಿ, ಅದೂ ಎರಡು ವರ್ಷದ ಬಾಕಿಗೆ ಮಾತ್ರ. ಬಿಡುಗಡೆಯಾದರೂ ತೀರದ ಸಾಲಗಳ ಪಟ್ಟಿಯಲ್ಲಿ ದಂಡ, ಜೀವನಾಂಶ, ವಿದ್ಯಾರ್ಥಿ ಸಾಲ ಇವೆ. ತೆರಿಗೆಯ ಹೆಸರಿಲ್ಲ.

ಖುಷಿ ಪಡುವ ಮೊದಲು ಒಂದು ನಿಮಿಷ. ಈ ಭಾಗ 2019ರ ಡಿಸೆಂಬರ್ 1ರಿಂದ ಜಾರಿಯಾಗಿದ್ದು ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ. ಅಂದರೆ ಬಹುತೇಕ ಕಂಪನಿ ಮಾಲೀಕರು, ನಿರ್ದೇಶಕರಿಗೆ. ಕಿರಾಣಿ ಅಂಗಡಿಯವನು, ಸಣ್ಣ ಗುತ್ತಿಗೆದಾರ ದಿವಾಳಿಯಾದರೆ ಈ ಸಾಲುಗಳನ್ನು ಬರೆಯುವ ಹೊತ್ತಿಗೂ ಅವನಿಗೆ ಗತಿ ಆ 1909 ಮತ್ತು 1920ರ ಕಾಯ್ದೆಗಳೇ.

ತೆರಿಗೆ ಕದ್ದವನನ್ನು ಬಿಡಿ ಅಂತ ನಾನು ಹೇಳ್ತಿಲ್ಲ. ಆದರೆ ಕದ್ದವನು ಬೇರೆ, ಕೆಟ್ಟವನು ಬೇರೆ. ವ್ಯಾಪಾರದಲ್ಲಿ ಕೈ ಸುಟ್ಟುಕೊಂಡವನಿಗೆ ಮತ್ತೆ ಎದ್ದು ನಿಲ್ಲೋ ದಾರಿಯನ್ನು ಹೊಸ ಕಾನೂನು ತೋರಿಸಿದೆ. ದೊಡ್ಡವರಿಗೆ ತೆರೆದ ಆ ಬಾಗಿಲು ಸಣ್ಣವರಿಗೆ ತೆರೆಯೋದು ಯಾವಾಗ?