ಕರ್ನಾಟಕ ಪೊಲೀಸ್ ಸಿಬ್ಬಂದಿಯ ವೇತನ ಮತ್ತು ಮುಂಬಡ್ತಿ

ಕರ್ನಾಟಕ ಪೊಲೀಸ್ ಸಿಬ್ಬಂದಿಯ ವೇತನ ಮತ್ತು ಮುಂಬಡ್ತಿಯು ಕರ್ನಾಟಕ ರಾಜ್ಯ ಪೊಲೀಸ್ ಇಲಾಖೆಯ ಕೆಳಹಂತದ ನೌಕರರ, ಮುಖ್ಯವಾಗಿ ಕಾನ್‌ಸ್ಟೆಬಲ್‌ಗಳ, ಸೇವಾ ಸ್ಥಿತಿಗತಿಗೆ ಸಂಬಂಧಿಸಿದ ವಿಷಯವಾಗಿದೆ. 2016ರ ಔರಾದಕರ್ ಸಮಿತಿಯ ವರದಿಯಿಂದ ಈ ವಿಷಯವು ರಾಜ್ಯದಲ್ಲಿ ವ್ಯಾಪಕ ಚರ್ಚೆಗೆ ಒಳಗಾಯಿತು.

ಹುದ್ದೆಗಳ ಶ್ರೇಣಿ

ಕಾನ್‌ಸ್ಟೆಬಲ್, ಹೆಡ್ ಕಾನ್‌ಸ್ಟೆಬಲ್, ಸಹಾಯಕ ಸಬ್ ಇನ್‌ಸ್ಪೆಕ್ಟರ್, ಸಬ್ ಇನ್‌ಸ್ಪೆಕ್ಟರ್, ಇನ್‌ಸ್ಪೆಕ್ಟರ್ ಮತ್ತು ಉಪ ಅಧೀಕ್ಷಕ ಇವು ಕ್ರಮವಾಗಿ ಏರುವ ಹುದ್ದೆಗಳು. ಇವುಗಳಲ್ಲಿ ಕಾನ್‌ಸ್ಟೆಬಲ್, ಸಬ್ ಇನ್‌ಸ್ಪೆಕ್ಟರ್ ಹಾಗೂ ಉಪ ಅಧೀಕ್ಷಕ ಹುದ್ದೆಗಳಿಗೆ ನೇರ ನೇಮಕಾತಿಯೂ ಇದೆ. ಆದ್ದರಿಂದ ಕಾನ್‌ಸ್ಟೆಬಲ್ ಆಗಿ ಸೇರಿದವರಿಗೆ ಮೇಲಿನ ಹುದ್ದೆಗಳಲ್ಲಿ ಒಂದು ಭಾಗ ಮಾತ್ರ ಮುಂಬಡ್ತಿಯ ಮೂಲಕ ಲಭ್ಯವಾಗುತ್ತದೆ. ಸಬ್ ಇನ್‌ಸ್ಪೆಕ್ಟರ್ ನೇರ ನೇಮಕಾತಿಯಲ್ಲಿ ಸೇವಾನಿರತ ಸಿಬ್ಬಂದಿಗೆ ಪ್ರತ್ಯೇಕ ಮೀಸಲು ಹುದ್ದೆಗಳಿರುತ್ತವೆ.

ಕಾನ್‌ಸ್ಟೆಬಲ್‌ಗಳ ಜ್ಯೇಷ್ಠತಾ ಪಟ್ಟಿಯನ್ನು ಜಿಲ್ಲೆ ಅಥವಾ ಕಮಿಷನರೇಟ್ ಘಟಕವಾರು ಇರಿಸಲಾಗುತ್ತದೆ. ಇದರಿಂದ ಒಂದೇ ವರ್ಷ ನೇಮಕಗೊಂಡವರಲ್ಲಿಯೂ ಘಟಕದಿಂದ ಘಟಕಕ್ಕೆ ಮುಂಬಡ್ತಿಯ ಅವಧಿ ವ್ಯತ್ಯಾಸವಾಗುತ್ತದೆ. ಸ್ವಂತ ಕೋರಿಕೆಯ ಮೇಲೆ ಬೇರೆ ಜಿಲ್ಲೆಗೆ ವರ್ಗಾವಣೆ ಪಡೆದವರು ಹಿಂದಿನ ಜ್ಯೇಷ್ಠತೆಯನ್ನು ಕಳೆದುಕೊಳ್ಳುತ್ತಾರೆ. ಮುಂಬಡ್ತಿ ದೊರೆಯದವರಿಗೆ ರಾಜ್ಯದ ಇತರ ನೌಕರರಂತೆ 10, 15 ಮತ್ತು 20 ವರ್ಷಗಳ ಸೇವೆಯ ನಂತರ ಕಾಲಬದ್ಧ ವೇತನ ಸೌಲಭ್ಯಗಳಿವೆ. ಇವು ವೇತನವನ್ನು ಹೆಚ್ಚಿಸುತ್ತವೆಯೇ ಹೊರತು ಹುದ್ದೆಯ ಅಧಿಕಾರವನ್ನು ನೀಡುವುದಿಲ್ಲ.

ಕಾನೂನಿನ ಹಿನ್ನೆಲೆ

ಸಂವಿಧಾನದ 33ನೆಯ ವಿಧಿಯು ಸಾರ್ವಜನಿಕ ಸುವ್ಯವಸ್ಥೆಯನ್ನು ಕಾಪಾಡುವ ಪಡೆಗಳ ಮೂಲಭೂತ ಹಕ್ಕುಗಳನ್ನು ಮಿತಿಗೊಳಿಸುವ ಅಧಿಕಾರವನ್ನು ಸಂಸತ್ತಿಗೆ ನೀಡಿದೆ. ಅದರಂತೆ 1966ರ ಪೊಲೀಸ್ ಪಡೆಗಳ (ಹಕ್ಕುಗಳ ನಿರ್ಬಂಧ) ಅಧಿನಿಯಮವು ಅನುಮತಿಯಿಲ್ಲದೆ ಕಾರ್ಮಿಕ ಸಂಘಗಳನ್ನು ಸೇರುವುದನ್ನು ನಿಷೇಧಿಸುತ್ತದೆ. ಹೀಗಾಗಿ ಇತರ ಸರ್ಕಾರಿ ನೌಕರರಂತೆ ಸಂಘಟನೆಯ ಮೂಲಕ ವೇತನದ ಬೇಡಿಕೆ ಮಂಡಿಸುವ ಅವಕಾಶ ಪೊಲೀಸರಿಗೆ ಸೀಮಿತವಾಗಿದೆ.

ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2006ರ ಸೆಪ್ಟೆಂಬರ್ 22ರಂದು ನೀಡಿದ ತೀರ್ಪು, ಉಪ ಅಧೀಕ್ಷಕ ಮತ್ತು ಕೆಳಗಿನ ಹುದ್ದೆಗಳ ವರ್ಗಾವಣೆ, ನಿಯೋಜನೆ, ಮುಂಬಡ್ತಿಗಳ ನಿರ್ಧಾರಕ್ಕೆ ಪ್ರತಿ ರಾಜ್ಯದಲ್ಲಿಯೂ ಪೊಲೀಸ್ ಸಿಬ್ಬಂದಿ ಮಂಡಳಿ ಇರಬೇಕೆಂದು ಸೂಚಿಸಿತು. ಕರ್ನಾಟಕವು 2012ರಲ್ಲಿ ತನ್ನ ಪೊಲೀಸ್ ಅಧಿನಿಯಮಕ್ಕೆ ತಿದ್ದುಪಡಿ ತಂದು ಈ ಮಂಡಳಿಗೆ ಅವಕಾಶ ಕಲ್ಪಿಸಿತು.

ಔರಾದಕರ್ ಸಮಿತಿ

ವೇತನ ತಾರತಮ್ಯ, ವಾರದ ರಜೆಯ ಕೊರತೆ ಮತ್ತು ಆರ್ಡರ್ಲಿ ಪದ್ಧತಿಯನ್ನು ವಿರೋಧಿಸಿ 2016ರ ಜೂನ್ 4ರಂದು ಸಾಮೂಹಿಕ ರಜೆಗೆ ಕರೆ ನೀಡಲಾಗಿತ್ತು. ಆ ವರ್ಷ ಹಿರಿಯ ಐಪಿಎಸ್ ಅಧಿಕಾರಿ ರಾಘವೇಂದ್ರ ಔರಾದಕರ್ ಅಧ್ಯಕ್ಷತೆಯ ಸಮಿತಿಯು ಪೊಲೀಸರ ವೇತನವನ್ನು ಇತರ ಇಲಾಖೆಗಳ ಸಮಾನ ಹುದ್ದೆಗಳೊಂದಿಗೆ ಹೋಲಿಸಿ, ಹೆಚ್ಚಳಕ್ಕೆ ಶಿಫಾರಸು ಮಾಡಿತು.

ಶಿಫಾರಸುಗಳ ಆಧಾರದ ಮೇಲೆ ಹೊರಡಿಸಿದ ಆದೇಶವು 2019ರ ಆಗಸ್ಟ್ 1ರಿಂದ ಅನ್ವಯವಾಯಿತು. ಕಾನ್‌ಸ್ಟೆಬಲ್‌ಗಳ ವೇತನ ಶ್ರೇಣಿ ರೂ. 23,500–47,650ಕ್ಕೆ ಏರಿತು. ಆದರೆ ಶ್ರೇಣಿಯ ಆರಂಭಿಕ ಹಂತವನ್ನು ಏರಿಸಿದಾಗ ಹೆಚ್ಚಿನ ಲಾಭ ಹೊಸಬರಿಗೆ ದೊರೆಯುತ್ತದೆ. ವಾರ್ಷಿಕ ಬಡ್ತಿಗಳಿಂದ ಆ ಹಂತವನ್ನು ಈಗಾಗಲೇ ದಾಟಿದವರಿಗೆ ಲಾಭ ಕಡಿಮೆ. ಈ ಕಾರಣದಿಂದ ಹಿರಿಯ ಸಿಬ್ಬಂದಿ ಅಸಮಾಧಾನ ವ್ಯಕ್ತಪಡಿಸಿ, ವರದಿಯ ಪೂರ್ಣ ಜಾರಿಗೆ ಒತ್ತಾಯಿಸಿದರು.

ನಂತರದ ಪರಿಷ್ಕರಣೆ

ಕೆ. ಸುಧಾಕರ ರಾವ್ ಅಧ್ಯಕ್ಷತೆಯ 7ನೆಯ ರಾಜ್ಯ ವೇತನ ಆಯೋಗದ ಶಿಫಾರಸಿನಂತೆ 2024ರ ಆಗಸ್ಟ್ 1ರಿಂದ ಪೊಲೀಸರೂ ಸೇರಿದಂತೆ ಎಲ್ಲ ರಾಜ್ಯ ಸರ್ಕಾರಿ ನೌಕರರ ವೇತನ ಪರಿಷ್ಕರಣೆಯಾಯಿತು. ಇದರಲ್ಲಿ ಸರ್ಕಾರಿ ನೌಕರರ ಕನಿಷ್ಠ ಮೂಲವೇತನವನ್ನು ರೂ. 17,000ದಿಂದ ರೂ. 27,000ಕ್ಕೆ ಏರಿಸಲಾಯಿತು.