ನಖೋನ್ಮೂಲನ (ಸಾಕುಬೆಕ್ಕುಗಳಲ್ಲಿ)

ಮನೆಯ ಸೋಫಾ, ಕುರ್ಚಿ, ಹಾಸಿಗೆ, ಪರದೆಗಳನ್ನು ಕೆರೆದು ಹಾಳುಮಾಡದಿರಲೆಂಬ ಉದ್ದೇಶದಿಂದ ಸಾಕುಬೆಕ್ಕಿನ ಕಾಲ್ಬೆರಳುಗಳ ಕೊನೆಯ ಮೂಳೆಯನ್ನು ಉಗುರುಸಹಿತವಾಗಿ ತೆಗೆದುಹಾಕುವ ಶಸ್ತ್ರಕ್ರಿಯೆ. 20ನೆಯ ಶತಮಾನದ ಮಧ್ಯಭಾಗದಲ್ಲಿ ಅಮೆರಿಕದಲ್ಲಿ ರೂಢಿಗೆ ಬಂದ ಈ ಕ್ರಿಯೆಯನ್ನು ಯೂರೋಪಿನ ಬಹುಭಾಗದಲ್ಲಿ ನಿಷೇಧಿಸಲಾಗಿದೆ. ಭಾರತದಲ್ಲಿ ಅದು ಬೇರೂರಿದ ರೂಢಿಯಲ್ಲ. ಆದರೆ ಬಿಡದಿಯಂಥ ಕೈಗಾರಿಕಾ ನೆಲೆಗಳ ಸುತ್ತ ಬೆಳೆದಿರುವ ವಸತಿ ಸಮುಚ್ಚಯಗಳಲ್ಲಿ, ಅಂಗಳವಿಲ್ಲದ ಮನೆಯೊಳಗೇ ಹುಟ್ಟಿ ಸಾಯುವ ಬೆಕ್ಕುಗಳ ಸಂಖ್ಯೆ ಹೆಚ್ಚುತ್ತಿರುವಂತೆ ತೋರುವುದರಿಂದ, ಈ ವಿಷಯವನ್ನು ಇಲ್ಲಿಯೂ ವಿಚಾರಿಸಬೇಕಾಗಿದೆ.

ಉಗುರಿನ ರಚನೆ

ಬೆಕ್ಕಿಗೆ ಮುಂಗಾಲೊಂದಕ್ಕೆ 5, ಹಿಂಗಾಲೊಂದಕ್ಕೆ 4ರಂತೆ ಸಾಮಾನ್ಯವಾಗಿ 18 ಉಗುರುಗಳುಂಟು. ಮನುಷ್ಯನ ಉಗುರು ಬೆರಳ ತುದಿಯ ಮೇಲೆ ಹಾಸಿದ ಫಲಕ ಮಾತ್ರ; ಬೆಕ್ಕಿನದಾದರೋ ಬೆರಳಿನ ಮೂರನೆಯದೂ ಕೊನೆಯದೂ ಆದ ಮೂಳೆಯನ್ನೇ ಕವಚವಾಗಿ ಆವರಿಸಿಕೊಂಡು, ಆ ಮೂಳೆಯ ಬುಡದಲ್ಲಿರುವ ಕೋಶಸ್ತರದಿಂದ ನಿರಂತರವಾಗಿ ಹುಟ್ಟಿ ಬೆಳೆಯತಕ್ಕದ್ದು. ಆದಕಾರಣ ಮೂಳೆಯನ್ನು ಉಳಿಸಿ, ಉಗುರನ್ನು ಮಾತ್ರ ಶಾಶ್ವತವಾಗಿ ತೆಗೆಯುವುದು ಸಾಧ್ಯವಿಲ್ಲ. ಉಗುರು ಕತ್ತರಿಸುವುದಕ್ಕಿಂತ ಸ್ವಲ್ಪ ಹೆಚ್ಚಿನದಷ್ಟೇ ಎಂದು ಭಾವಿಸಿ ಒಪ್ಪಿಗೆ ಕೊಡುವ ಗೃಹಸ್ಥರು ತಿಳಿಯಬೇಕಾದುದು ಇದನ್ನೇ: ಮುಂಗಾಲುಗಳಿಗಷ್ಟೇ ಮಾಡಿದರೂ ಇದು ಹತ್ತು ಬೆರಳುಗಳ ಅಂಗಚ್ಛೇದ.

ವಿಶ್ರಾಂತಿಯಲ್ಲಿರುವ ಬೆಕ್ಕಿನ ಈ ಕೊನೆಯ ಮೂಳೆಯನ್ನು ಸ್ಥಿತಿಸ್ಥಾಪಕ ಬಂಧನಿಗಳು ಹಿಂದಕ್ಕೆಳೆದು ನಡುಮೂಳೆಯ ಪಕ್ಕಕ್ಕೆ ಒರಗಿಸಿರುತ್ತವೆ. ಬೇಟೆಗೋ ಹತ್ತುವುದಕ್ಕೋ ಬೇಕಾದಾಗ ಕಾಲಿನ ಕೆಳಭಾಗದಲ್ಲಿ ಹಾದುಬರುವ ಆಳದ ಸ್ನಾಯುರಜ್ಜು ಅದನ್ನು ಕೆಳಕ್ಕೂ ಮುಂದಕ್ಕೂ ಸೆಳೆಯಲು ಉಗುರು ಹೊರಚಾಚುತ್ತದೆ. ಬೆಕ್ಕು ಅಂಗಾಲನ್ನೂರಿ ನಡೆಯುವ ಪ್ರಾಣಿಯಲ್ಲ, ಬೆರಳುಗಳ ಮೇಲೆ ನಡೆಯುವ ಪ್ರಾಣಿ. ಬೆರಳ ತುದಿಯೇ ಇಲ್ಲವಾದಾಗ ದೇಹದ ಭಾರ ಬೀಳುವ ಬಗೆಯೇ ಬೇರೆಯಾಗುವುದು.

ಕೆರೆಯುವಿಕೆಗೆ ಕಾರಣಗಳೂ ಒಂದೆರಡಲ್ಲ. ಮುಂಗಾಲಿನ ಉಗುರುಗಳ ಹಳೆಯ ಹೊರಪದರ ಕಳಚಿಬೀಳುವುದು ಕೆರೆಯುವುದರಿಂದ. ಭುಜ ಬೆನ್ನುಗಳ ಸ್ನಾಯುಗಳು ಪೂರ್ಣವಾಗಿ ಹಿಗ್ಗುವುದೂ ಆಗಲೇ. ಅಲ್ಲದೆ ಬೆರಳುಗಳ ನಡುವಣ ಗ್ರಂಥಿಗಳ ವಾಸನೆ ಕೆರೆದ ಜಾಗಕ್ಕೆ ಅಂಟಿಕೊಂಡು, ಕಣ್ಣಿಗೆ ಕಾಣುವ ಗೀರಿನೊಡನೆ ಸೇರಿ, ಈ ನೆಲೆ ತನ್ನದೆಂದು ಸಾರುವ ಗುರುತಾಗುತ್ತದೆ. ಮನೆಮಂದಿ ಕೂಡುವ ಜಾಗದಲ್ಲಿಯೂ ಬೆಕ್ಕು ಮಲಗೆದ್ದ ತಾಣದ ಸಮೀಪದಲ್ಲಿಯೂ ಇರುವ ಪೀಠೋಪಕರಣಕ್ಕೇ ಹೆಚ್ಚಾಗಿ ಈ ಗತಿ ಒದಗುವುದು ಇದರಿಂದಲೇ.

ಶಸ್ತ್ರಕ್ರಿಯೆ ಮತ್ತು ಪರಿಣಾಮ

ಈ ಕ್ರಿಯೆಯನ್ನು ವರ್ಣಿಸಿದ ಮೊದಲ ಬರಹಗಳಲ್ಲೊಂದು 1952ರಲ್ಲಿ ಷಿಕಾಗೋ ನಗರದ ಪಶುವೈದ್ಯರೊಬ್ಬರಿಂದ ಅಮೆರಿಕದ ಪಶುವೈದ್ಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಉಗುರುಕತ್ತರಿಯಂಥ ಉಪಕರಣ, ಶಸ್ತ್ರವೈದ್ಯನ ಅಲಗು, ಇತ್ತೀಚೆಗೆ ಲೇಸರ್ ಕಿರಣ, ಇವು ಮೂರೂ ಬಳಕೆಗೆ ಬಂದಿವೆ. ಮೂಳೆಯನ್ನು ಬಿಟ್ಟು ಸ್ನಾಯುರಜ್ಜುವನ್ನಷ್ಟೇ ತುಂಡರಿಸುವ ಮತ್ತೊಂದು ವಿಧಾನದಲ್ಲಿ ಬೆಕ್ಕು ಉಗುರು ಚಾಚಲಾರದು. ಆದರೆ ಉಗುರು ದಪ್ಪವಾಗಿ ಬೆಳೆದು ಮೆತ್ತೆಯೊಳಕ್ಕೇ ನಾಟಿಕೊಳ್ಳುವ ಅಪಾಯವಿರುವುದರಿಂದ ಅದೂ ಕ್ಷೇಮಕರವಲ್ಲ.

ರಕ್ತಸ್ರಾವ, ಸೋಂಕು, ಕುಂಟು ಇವು ಕೂಡಲೇ ಕಾಣಬಹುದಾದ ತೊಡಕುಗಳು. 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಉಗುರು ಕಳೆದುಕೊಂಡ 137 ಬೆಕ್ಕುಗಳನ್ನು ಅಷ್ಟೇ ಸಂಖ್ಯೆಯ ಇತರ ಬೆಕ್ಕುಗಳೊಡನೆ ಹೋಲಿಸಲಾಗಿ, ಬೆನ್ನುನೋವು, ಕಚ್ಚುವಿಕೆ, ಕಂಡಲ್ಲಿ ಮಲಮೂತ್ರ ವಿಸರ್ಜನೆ ಇವು ಮೊದಲನೆಯ ಗುಂಪಿನಲ್ಲಿ ಹೆಚ್ಚೆಂದು ಕಂಡುಬಂತು. ಆ ಗುಂಪಿನ ಶೇಕಡಾ 63ರಷ್ಟು ಬೆಕ್ಕುಗಳ ಬೆರಳುಗಳಲ್ಲಿ ಕತ್ತರಿಸಿದ ಮೂಳೆಯ ಚೂರುಗಳು ಉಳಿದಿದ್ದುವು. ಹೋಲಿಕೆಯ ಅಧ್ಯಯನವಾದ್ದರಿಂದ ಕಾರ್ಯಕಾರಣಭಾವವನ್ನು ಅದು ಸಂದೇಹಾತೀತವಾಗಿ ಸಾಧಿಸಿತೆನ್ನಲಾಗದು. ಆದರೂ ಸೋಫಾ ಉಳಿಸಹೋದ ಮನೆಯಲ್ಲಿ ಹಾಸಿಗೆ ಒದ್ದೆಯಾಗುವ ಸಂಭವವನ್ನು ಅಲ್ಲಗಳೆಯುವಂತಿಲ್ಲ. ಉಗುರಿನ ಬುಡದ ಗೆಡ್ಡೆ ಮೊದಲಾದ ರೋಗಗಳಿಗಾಗಿ ಒಂದು ಬೆರಳ ತುದಿಯನ್ನು ತೆಗೆಯುವುದು ಚಿಕಿತ್ಸೆಯೇ ಹೊರತು ಇಲ್ಲಿನ ವಿಷಯವಲ್ಲ.

ರೇಷ್ಮೆಸೀಮೆಯ ಬೆಕ್ಕು

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸೀಮೆಯಲ್ಲಿ ಬೆಕ್ಕಿನ ಉಗುರನ್ನು ಕುರಿತು ಬರೆಯುವವನು ರೇಷ್ಮೆಯನ್ನು ಬಿಟ್ಟು ಬರೆಯಲಾಗದು. 18ನೆಯ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನನ ಪ್ರೋತ್ಸಾಹದಿಂದ ಮೈಸೂರು ರಾಜ್ಯದಲ್ಲಿ ನೆಲೆಗೊಂಡು, 1896ರ ಸುಮಾರಿಗೆ ಜಮ್‌ಶೆಟ್‌ಜಿ ಟಾಟಾ ಅವರು ಬೆಂಗಳೂರಿನಲ್ಲಿ ಜಪಾನೀ ತಜ್ಞರ ನೆರವಿನಿಂದ ತೆರೆದ ರೇಷ್ಮೆ ತೋಟದಿಂದ ಹೊಸ ಚೈತನ್ಯ ಪಡೆದ ಈ ಕಸುಬು, ಇಂದು ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರಾಮನಗರದ ಗೂಡಿನ ಮಾರುಕಟ್ಟೆಗೆ ತಳಹದಿಯಾಗಿದೆ.

ರೇಷ್ಮೆಹುಳು ಸಾಕುವ ಹುಳುಮನೆಯ ಶತ್ರುಗಳು ಹಲವು. ಇರುವೆ ಹತ್ತದಿರಲೆಂದು ತಟ್ಟೆಯಿಡುವ ಕಂಬಗಳ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸುವರು. 1980ರಲ್ಲಿ ಕರ್ನಾಟಕವನ್ನು ಹೊಕ್ಕ ಊಜಿ ನೊಣ ಬಾರದಿರಲೆಂದು ಕಿಟಕಿ ಬಾಗಿಲುಗಳಿಗೆ ಬಲೆ ಕಟ್ಟುವರು. ಇಲಿಯ ಉಪದ್ರವ ಇವೆರಡಕ್ಕಿಂತ ಹಠದ್ದು. ನಾಲ್ಕು ಜ್ವರ (ಪೊರೆ ಕಳಚುವ ಹಂತ) ದಾಟಿ ಹಣ್ಣಾದ ಹುಳುವನ್ನೂ, ಚಂದ್ರಿಕೆಯಲ್ಲಿ (ಹುಳು ಗೂಡು ಹೆಣೆಯುವ ತಟ್ಟಿಯಲ್ಲಿ) ಕಟ್ಟಿದ ಗೂಡಿನೊಳಗಣ ಕೋಶವನ್ನೂ ಅದು ತಿನ್ನುತ್ತದೆ. ಇಪ್ಪತ್ತೈದು ದಿವಸಗಳ ದುಡಿಮೆಯ ಫಲ ಕೈಗೆ ಬರುವ ಹೊತ್ತಿಗೇ ಈ ನಷ್ಟ ಒದಗುವುದರಿಂದ ಬೆಳೆಗಾರನಿಗೆ ಅದು ಹೆಚ್ಚು ನೋವಿನದು. ಹುಳು ವಿಷಕ್ಕೆ ಅತಿ ಸೂಕ್ಷ್ಮವಾದ ಜೀವಿಯಾದ್ದರಿಂದ ಹುಳುಮನೆಯ ಆಸುಪಾಸಿನಲ್ಲಿ ಮದ್ದು ಬಳಸಲು ಅಂಜುವುದು ಸಹಜ. ಬೋನು ಮತ್ತು ಬೆಕ್ಕುಗಳಿಗೆ ಈ ಸೀಮೆಯ ಮನೆಗಳಲ್ಲಿ ದೊರೆತ ಆದರಕ್ಕೆ ಇದು ಒಂದು ಮುಖ್ಯ ಕಾರಣವಾಗಿದ್ದಿರಬೇಕು.

ಜಪಾನಿನಲ್ಲಿ ಈ ಸಂಬಂಧದ ದಾಖಲೆ ಇನ್ನೂ ಸ್ಪಷ್ಟವಾಗಿದೆ. ಎಡೋ ಕಾಲದಲ್ಲಿ ಹುಳುಮನೆಗಳಿಗೆ ಇಲಿ ಬಾರದಿರಲೆಂದು ಬೆಕ್ಕಿನ ಚಿತ್ರಗಳನ್ನು ಅಂಟಿಸುತ್ತಿದ್ದರು. ಮಿಯಾಗಿ ಪ್ರಾಂತದ ತಾಶಿರೋಜಿಮಾ ದ್ವೀಪದಲ್ಲಿ ಇಂದು ಬೆಕ್ಕುಗಳ ಸಂಖ್ಯೆ ನಿವಾಸಿಗಳ ಸಂಖ್ಯೆಯನ್ನು ಮೀರಿರುವುದಕ್ಕೆ ಮೂಲ, ರೇಷ್ಮೆಹುಳುವಿನ ರಕ್ಷಣೆಗೆಂದು ಹಿಂದೆ ಅಲ್ಲಿ ಅವನ್ನು ಸಾಕಿದ್ದೇ. ಉಗುರಿಲ್ಲದ ಬೆಕ್ಕು ಇಂಥ ಯಾವ ಮನೆಗೂ ಪ್ರಯೋಜನಕ್ಕೆ ಬಾರದು. ಇಲಿ ಹಿಡಿಯುವುದಿರಲಿ, ನಾಯಿ ಅಟ್ಟಿಬಂದಾಗ ಮರ ಹತ್ತಿ ಜೀವ ಉಳಿಸಿಕೊಳ್ಳುವುದೂ ಅದಕ್ಕೆ ದುಸ್ತರ. ಬಾಗಿಲು ತೆರೆದರೆ ಬೀದಿಯೇ ಆಗಿರುವ ನಮ್ಮ ಊರುಗಳಲ್ಲಿ ಇದು ಸಣ್ಣ ಮಾತಲ್ಲ.

ಪ್ರಾಣಿಯ ಆಯುಧವನ್ನು ಕಿತ್ತು ಅದನ್ನು ಮನುಷ್ಯನ ಅನುಕೂಲಕ್ಕೆ ಒಗ್ಗಿಸುವ ಪದ್ಧತಿಯ ಇನ್ನೊಂದು ಸಾಕ್ಷ್ಯವೂ ಇಲ್ಲೇ ಸಮೀಪದಲ್ಲುಂಟು. ಹಾರೋಹಳ್ಳಿ, ಕೋಡಿಹಳ್ಳಿಗಳವರೆಗೂ ಚಾಚಿರುವ ಬನ್ನೇರುಘಟ್ಟದ ಅರಣ್ಯಕ್ಕೆ ಸೇರಿದ ಕರಡಿ ಪುನರ್ವಸತಿ ಕೇಂದ್ರದಲ್ಲಿ, ಮೂತಿ ಚುಚ್ಚಿ ಹಗ್ಗ ಪೋಣಿಸಿಕೊಂಡು, ಕೋರೆಹಲ್ಲು ಮುರಿಸಿಕೊಂಡು, ಹಲವೊಮ್ಮೆ ಉಗುರನ್ನೂ ಕಳೆದುಕೊಂಡು ಬೀದಿಯಲ್ಲಿ ಕುಣಿದ ಕರಡಿಗಳಿಗೆ ಆಶ್ರಯ ದೊರೆಯಿತು. ದೇಶದ ಕೊನೆಯ ಕುಣಿತದ ಕರಡಿಯೆಂದು ಗಣಿಸಲಾದ ರಾಜು 2009ರ ಡಿಸೆಂಬರಿನಲ್ಲಿ ಸೇರಿದ್ದು ಇಲ್ಲಿಗೇ.

ಬಿಡದಿ

1997ರಲ್ಲಿ ಟೊಯೋಟಾ ಕಿರ್ಲೋಸ್ಕರ್ ಮೋಟಾರ್ ಸಂಸ್ಥೆ ಸ್ಥಾಪನೆಯಾಗಿ 1999ರ ಕೊನೆಗೆ ವಾಹನ ತಯಾರಿಕೆ ಮೊದಲಾದಂದಿನಿಂದ ಬಿಡದಿಯ ವಸತಿಕ್ರಮ ಬದಲಾಯಿತು. ಪಾಳಿ ಕೆಲಸಕ್ಕೆ ಹೋಗುವವರ ಬಾಡಿಗೆ ಮನೆಯಲ್ಲಿ ಬೆಕ್ಕು ದಿನವಿಡೀ ಒಂಟಿ. ಮನೆ ಬಿಡುವಾಗ ಗೀರು ಬಿದ್ದ ಬಾಗಿಲಿಗೂ ಗೋಡೆಗೂ ಅಡ್ವಾನ್ಸಿನಿಂದ ಹಣ ಮುರಿದುಕೊಳ್ಳುವರೆಂಬ ಚಿಂತೆ ಬಾಡಿಗೆದಾರನಿಗೆ. ಈ ಚಿಂತೆ ನಿಜವಾದುದು, ಪರಿಹಾರವನ್ನೂ ಬೇಡುವುದು.

ಪರ್ಯಾಯಗಳು

ಕತ್ತಾಳೆ ಹಗ್ಗ ಬಿಗಿಯಾಗಿ ಸುತ್ತಿದ ಕಂಬ, ಗೋಣಿತಟ್ಟು, ತೆಂಗಿನ ನಾರಿನ ಚಾಪೆ, ತೊಗಟೆಸಹಿತ ಮರದ ಕೊರಡು, ಇವುಗಳಲ್ಲಿ ಒಂದನ್ನಾದರೂ ಬೆಕ್ಕು ಮೆಚ್ಚದಿರುವುದು ಅಪೂರ್ವ. ಕಂಬ ಬೆಕ್ಕು ಮೈಚಾಚಿ ನಿಂತಷ್ಟು ಎತ್ತರವಿರಬೇಕು, ಅಲುಗಬಾರದು, ಮೂಲೆಯಲ್ಲಿ ಬಚ್ಚಿಡದೆ ಕೆರೆಯುತ್ತಿರುವ ಸೋಫಾದ ಪಕ್ಕದಲ್ಲೇ ಇರಬೇಕು. ಅರಗಿನ ಮೆರುಗು ಹಚ್ಚಿದ ಚನ್ನಪಟ್ಟಣದ ನುಣುಪು ಮರಗೆಲಸ ಇದಕ್ಕೆ ತಕ್ಕುದಲ್ಲ. ಮೆರುಗು ಹಾಕದ ಒರಟು ಕಂಬವನ್ನು ಅಲ್ಲಿಯ ಮರಗೆಲಸದವರಿಂದಲೇ ಮಾಡಿಸಿಕೊಳ್ಳಬಹುದು. ಎರಡು ಮೂರು ವಾರಗಳಿಗೊಮ್ಮೆ, ಒಳಗಿನ ಗುಲಾಬಿ ಬಣ್ಣದ ರಕ್ತನಾಳದ ಭಾಗವನ್ನು ತಾಕದಂತೆ ಉಗುರಿನ ತುದಿ ಕತ್ತರಿಸಿದರೆ ಹಾನಿ ಬಹಳ ಕಡಿಮೆಯಾಗುವುದು. ಬೈದು ಹೊಡೆದು ಮಾಡುವ ಶಿಕ್ಷೆಯಿಂದ ಬೆಕ್ಕು ಕಲಿಯುವುದು ಭಯವನ್ನು ಮಾತ್ರ.

ಕಾನೂನು

1987ರ ಯೂರೋಪಿನ ಸಾಕುಪ್ರಾಣಿ ರಕ್ಷಣಾ ಒಡಂಬಡಿಕೆ ಈ ಕ್ರಿಯೆಯನ್ನು ಹೆಸರಿಸಿಯೇ ನಿಷೇಧಿಸಿತು. ಇಸ್ರೇಲ್ 2011ರಲ್ಲಿಯೂ, ಅಮೆರಿಕದ ರಾಜ್ಯಗಳಲ್ಲಿ ಮೊದಲನೆಯದಾಗಿ ನ್ಯೂಯಾರ್ಕ್ 2019ರಲ್ಲಿಯೂ ನಿಷೇಧ ತಂದವು. ಭಾರತದಲ್ಲಿ ರುಕ್ಮಿಣಿದೇವಿ ಅರುಂಡೇಲ್ ಅವರ ಪ್ರಯತ್ನದಿಂದ ರೂಪುಗೊಂಡ 1960ರ ಪ್ರಾಣಿಹಿಂಸಾ ನಿವಾರಣ ಕಾಯಿದೆಯ 11ನೆಯ ಪ್ರಕರಣ ಪ್ರಾಣಿಯ ಅಂಗಚ್ಛೇದವನ್ನು ಅಪರಾಧವೆನ್ನುತ್ತದೆ. ಅದೇ ಪ್ರಕರಣ ದನಗಳ ಕೊಂಬು ತೆಗೆಯುವುದು, ಬೀಜ ಒಡೆಯುವುದು, ಬರೆ ಹಾಕುವುದು, ಮೂಗುದಾರ ಪೋಣಿಸುವುದು ಇವಕ್ಕೆ ವಿನಾಯಿತಿ ಕೊಡುವಾಗ ಬೆಕ್ಕಿನ ಉಗುರನ್ನು ಆ ಪಟ್ಟಿಯಲ್ಲಿ ಸೇರಿಸಿಲ್ಲ. ಪೀಠೋಪಕರಣದ ಸಲುವಾಗಿ ಮಾಡುವ ನಖೋನ್ಮೂಲನ ಕಾನೂನುಬಾಹಿರವೆಂದು ಇದರಿಂದ ನ್ಯಾಯವಾಗಿ ಊಹಿಸಬಹುದಾದರೂ, ಕಾಯಿದೆ ಅದನ್ನು ಹೆಸರಿಸದಿರುವುದೂ, ಮೊದಲ ಅಪರಾಧಕ್ಕೆ ವಿಧಿಸಿರುವ ದಂಡ 10 ರೂಪಾಯಿಯಿಂದ 50 ರೂಪಾಯಿಯವರೆಗೆ ಮಾತ್ರ ಇರುವುದೂ ದೊಡ್ಡ ಕೊರತೆಗಳು. ಸತ್ತ ಚಿರತೆಯ ಉಗುರನ್ನು ಪದಕವಾಗಿ ಧರಿಸಿದವನನ್ನು 1972ರ ವನ್ಯಜೀವಿ ಕಾಯಿದೆಯಡಿ ಸೆರೆಮನೆಗೆ ಕಳಿಸಬಲ್ಲ ದೇಶದಲ್ಲಿ, ಬದುಕಿರುವ ಬೆಕ್ಕಿನ ಉಗುರಿಗೆ ಇಷ್ಟು ಅಲ್ಪವಾದ ರಕ್ಷಣೆ ಉಚಿತವಲ್ಲ. 1960ರ ಕಾಯಿದೆಯ 38ನೆಯ ಪ್ರಕರಣ ನಿಯಮಗಳನ್ನು ರಚಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಈಗಾಗಲೇ ಕೊಟ್ಟಿರುವುದರಿಂದ, ಚಿಕಿತ್ಸೆಯ ಕಾರಣವಿಲ್ಲದ ನಖೋನ್ಮೂಲನವನ್ನು ಹೆಸರಿಸಿ ನಿಷೇಧಿಸುವ ನಿಯಮವನ್ನು ಅದು ತಡಮಾಡದೆ ಹೊರಡಿಸಬೇಕು. ಅಲ್ಲಿಯವರೆಗೆ ನಮ್ಮ ಪಶುವೈದ್ಯರು ಇಂಥ ಕೋರಿಕೆಯನ್ನು ನಿರಾಕರಿಸಬೇಕು.