ಆಕಾರವಿಲ್ಲದ ಭಯ: ‘ದಿ ಬ್ಲಾಬ್’ ಚಿತ್ರದ ನಿರ್ಮಾಣ ಚರಿತ್ರೆ

1958ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ತೆರೆಕಂಡ ‘ದಿ ಬ್ಲಾಬ್’ ಬಗ್ಗೆ ಒಂದು ಮಾತು ರೂಢಿಗೆ ಬಂದುಬಿಟ್ಟಿದೆ: ಊರನ್ನು ನುಂಗುತ್ತ ಬೆಳೆಯುವ ಆ ಕೆಂಪು ಮುದ್ದೆ ಕಮ್ಯುನಿಸಮ್ಮಿನ ಸಂಕೇತ. ಶೀತಲ ಸಮರದ ಕಾಲ, ಕೆಂಪು ಬಣ್ಣ, ಹೊರಗಿನಿಂದ ಬಂದ ಶತ್ರು ಎಂದೆಲ್ಲ ಕೂಡಿಸಿದರೆ ಲೆಕ್ಕ ಸರಿಹೋದಂತೆಯೇ ಕಾಣುತ್ತದೆ. ಆದರೆ ಈ ಚಿತ್ರ ಯಾರ ಕೈಯಲ್ಲಿ, ಯಾವ ಊರಿನಲ್ಲಿ, ಎಷ್ಟು ಹಣದಲ್ಲಿ ರೂಪುಗೊಂಡಿತು ಎಂದು ಹುಡುಕಿಕೊಂಡು ಹೋದರೆ ಆ ಓದು ಸಡಿಲವಾಗತೊಡಗುತ್ತದೆ.

ಇದು ಹಾಲಿವುಡ್ಡಿನಲ್ಲಿ ಹುಟ್ಟಿದ ಚಿತ್ರವಲ್ಲ. ಪೆನ್ಸಿಲ್ವೇನಿಯಾದ ಚೆಸ್ಟರ್ ಸ್ಪ್ರಿಂಗ್ಸ್‌ನಲ್ಲಿ ಕ್ರೈಸ್ತ ಧಾರ್ಮಿಕ ಚಿತ್ರಗಳನ್ನು ತೆಗೆಯುತ್ತಿದ್ದ ಒಂದು ಪುಟ್ಟ ತಂಡ ಇದನ್ನು 1957ರಲ್ಲಿ ಚಿತ್ರೀಕರಿಸಿತು. ನಿರ್ದೇಶಕ ಇರ್ವಿನ್ ಯೇವರ್ತ್ ಆ ತಂಡದ ಮುಖ್ಯಸ್ಥ. ಸಂಗೀತ ಕೊಟ್ಟ ರಾಲ್ಫ್ ಕಾರ್ಮೈಕಲ್ ಭಕ್ತಿಸಂಗೀತಕ್ಕೆ ಹೆಸರಾದವರು. ಹಣ ಹೊಂದಿಸಿದ ನಿರ್ಮಾಪಕ ಜಾಕ್ ಹ್ಯಾರಿಸ್ ಚಿತ್ರ ವಿತರಣೆಯ ವ್ಯವಹಾರದಿಂದ ಬಂದವರು. ಖರ್ಚಾದದ್ದು ಸುಮಾರು 1,10,000 ಡಾಲರ್. ಎರಡು ವರ್ಷ ಹಿಂದೆ ಎಂಜಿಎಂ ಸಂಸ್ಥೆ ತೆಗೆದ ‘ಫರ್ಬಿಡನ್ ಪ್ಲಾನೆಟ್’ಗೆ ಹತ್ತೊಂಬತ್ತು ಲಕ್ಷಕ್ಕೂ ಹೆಚ್ಚು ತಗುಲಿತ್ತು ಎಂಬುದನ್ನು ಪಕ್ಕದಲ್ಲಿಟ್ಟರೆ ಯೇವರ್ತ್ ತಂಡದ ಬಡತನ ಎಂಥದ್ದೆಂದು ಗೊತ್ತಾಗುತ್ತದೆ.

ಆ ಬಡತನವೇ ಚಿತ್ರಕ್ಕೆ ಅದರ ರಾಕ್ಷಸನನ್ನು ಕೊಟ್ಟಿತು ಎಂಬುದು ನನ್ನ ವಾದ. ಅಂದಿನ ಅಗ್ಗದ ಭೀತಿಚಿತ್ರಗಳು ಸೋಲುತ್ತಿದ್ದುದೇ ರಾಕ್ಷಸ ಕಾಣಿಸಿಕೊಂಡ ಗಳಿಗೆಯಲ್ಲಿ. ರಬ್ಬರ್ ಉಡುಪಿನೊಳಗಿನ ಮನುಷ್ಯ ಯಾರ ಕಣ್ಣಿಗೂ ತಪ್ಪುತ್ತಿರಲಿಲ್ಲ. ‘ಬ್ಲಾಬ್’ಗೆ ಮುಖವಿಲ್ಲ, ಕೈಕಾಲಿಲ್ಲ, ದನಿಯಿಲ್ಲ. ಅದು ಬಣ್ಣ ಬೆರೆಸಿದ ಸಿಲಿಕೋನ್, ಹಲಸಿನ ಮೇಣದ ಹಾಗೆ ಎಳೆದಷ್ಟೂ ಜಗ್ಗುವ ಪದಾರ್ಥ. ಬಣ್ಣ ತಳಕ್ಕಿಳಿಯುತ್ತಿದ್ದುದರಿಂದ ಅದನ್ನು ಮತ್ತೆ ಮತ್ತೆ ಕಲಸಬೇಕಾಗುತ್ತಿತ್ತು. ವಿಶೇಷ ದೃಶ್ಯಗಳ ಹೊಣೆ ಹೊತ್ತ ಬಾರ್ಟ್ ಸ್ಲೋನ್ ತಂಡ ಚಿಕ್ಕ ಮಾದರಿ ಕೋಣೆಗಳನ್ನು ಕಟ್ಟಿ, ಮಾದರಿ ಮತ್ತು ಕ್ಯಾಮೆರಾ ಎರಡನ್ನೂ ಒಟ್ಟಿಗೆ ಬಿಗಿದು, ಇಡೀ ಚೌಕಟ್ಟನ್ನೇ ಓರೆ ಮಾಡುತ್ತಿತ್ತು. ಕ್ಯಾಮೆರಾಕ್ಕೆ ಕೋಣೆ ಅಲುಗಿದ್ದೇ ಕಾಣದು. ಮುದ್ದೆ ಮಾತ್ರ ತಾನಾಗಿಯೇ ಹರಿದು ಬಂದಂತೆ ತೋರುತ್ತದೆ. ಊರಿನ ಡೈನರ್ ಹೋಟೆಲನ್ನು ಅದು ಮುಚ್ಚಿಕೊಳ್ಳುವ ದೃಶ್ಯಕ್ಕೆ ಆ ಕಟ್ಟಡದ ಛಾಯಾಚಿತ್ರವನ್ನೇ ಹಿಡಿದಿದ್ದರು.

ಇನ್ನು ಕೆಂಪು ಬಣ್ಣದ ವಿಚಾರ. ಉಲ್ಕೆಯ ಒಡಲಿನಿಂದ ಹೊರಬಂದು ಮುದುಕನ ಕೈಗೆ ಅಂಟಿಕೊಂಡಾಗ ಅದು ಹೆಚ್ಚುಕಡಿಮೆ ಬಣ್ಣವಿಲ್ಲದ ಲೋಳೆ. ಕೆಂಪೇರುವುದು ಮನುಷ್ಯರನ್ನು ನುಂಗುತ್ತ ಹೋದಂತೆ. ಅದು ರಕ್ತದ ಕೆಂಪು, ಬಾವುಟದ ಕೆಂಪಲ್ಲ. ಅಂದಿನ ಪ್ರೇಕ್ಷಕರಿಗೆ ರಾಜಕೀಯ ನೆನಪಾಗಿರಲಾರದೆಂದು ನಾನು ಹೇಳುತ್ತಿಲ್ಲ. ಆದರೆ ಕತೆಯ ಬಲವೆಲ್ಲ ಬೇರೆಡೆ ಇದೆ.

ಸ್ಟೀವ್ ಎಂಬ ಹುಡುಗ ವೈದ್ಯರ ಸಾವನ್ನು ಕಣ್ಣಾರೆ ಕಂಡು ಪೊಲೀಸರಿಗೆ ತಿಳಿಸುತ್ತಾನೆ. ಅವರಿಗೆ ಅದು ಹುಡುಗಾಟ. ತಂದೆತಾಯಿಗಳೂ ನಂಬುವುದಿಲ್ಲ. ಕೊನೆಗೆ ಹುಡುಗರು ಕಾರುಗಳ ಹಾರ್ನ್ ಬಾರಿಸಿ ಮಲಗಿದ ಊರನ್ನು ಎಬ್ಬಿಸುತ್ತಾರೆ. ಮುದ್ದೆ ಚಳಿಗೆ ಹೆದರುತ್ತದೆಂದು ತಿಳಿದಾಗ ಶಾಲೆಯಲ್ಲಿರುವ, ತಣ್ಣನೆಯ ಅನಿಲ ಚಿಮ್ಮುವ ಬೆಂಕಿನಂದಕಗಳು ಬೇಕಾಗುತ್ತವೆ, ಆದರೆ ಬಾಗಿಲಿಗೆ ಬೀಗ. ನಾಯಕಿಯ ತಂದೆಯಾದ ಮುಖ್ಯೋಪಾಧ್ಯಾಯ, ಶಿಸ್ತಿನ ಮನುಷ್ಯ, ಕಲ್ಲೆತ್ತಿ ತನ್ನದೇ ಶಾಲೆಯ ಗಾಜು ಒಡೆಯುತ್ತಾನೆ. ನನ್ನ ಮಟ್ಟಿಗೆ ಇಡೀ ಚಿತ್ರದ ತಿರುಳು ಆ ಒಂದು ಕಲ್ಲಿನಲ್ಲಿದೆ: ಹಿರಿಯರು ಕೊನೆಗೂ ಮಕ್ಕಳ ಮಾತನ್ನು ನಂಬಿದರು. ಧಾರ್ಮಿಕ ಚಿತ್ರಗಳಲ್ಲಿ ಪಳಗಿದ ತಂಡಕ್ಕೆ ಮಾಸ್ಕೋಗಿಂತ ಮನೆಯೊಳಗಿನ ಈ ಬಿರುಕು ಹತ್ತಿರದ್ದಾಗಿತ್ತು.

ಸಿದ್ಧವಾದ ಚಿತ್ರವನ್ನು ಕೊಂಡ ಪ್ಯಾರಮೌಂಟ್, ‘ಐ ಮ್ಯಾರೀಡ್ ಎ ಮಾನ್‌ಸ್ಟರ್ ಫ್ರಮ್ ಔಟರ್ ಸ್ಪೇಸ್’ ಜೊತೆಗೆ ಜೋಡಿ ಪ್ರದರ್ಶನವಾಗಿ ಬಿಡುಗಡೆ ಮಾಡಿತು. ಬರ್ಟ್ ಬ್ಯಾಕರಾಕ್ ಸ್ವರ ಹಾಕಿದ ಲವಲವಿಕೆಯ ಶೀರ್ಷಿಕೆ ಗೀತೆ ಸೇರಿತು. ಅದರ ಕುಣಿತಕ್ಕೂ ಮುಂದಿನ ಭಯಕ್ಕೂ ಹೊಂದಿಕೆಯೇ ಇಲ್ಲ ಎಂಬುದು ನನ್ನ ಅಭಿಪ್ರಾಯ. ಚಿತ್ರೀಕರಣದ ಹೊತ್ತಿಗೆ 27 ವರ್ಷದವನಾಗಿದ್ದ ಸ್ಟೀವ್ ಮೆಕ್ವೀನ್ ಹದಿಹರೆಯದ ನಾಯಕನಾಗಿ ನಟಿಸಿದ್ದ. ಬಿಡುಗಡೆಯಾದ ತಿಂಗಳಲ್ಲೇ ‘ವಾಂಟೆಡ್: ಡೆಡ್ ಆರ್ ಅಲೈವ್’ ಟಿವಿ ಧಾರಾವಾಹಿ ಆರಂಭವಾಗಿ ಅವನ ಹೆಸರು ಮನೆಮಾತಾಯಿತು.

ಮುದ್ದೆ ಪ್ರೊಜೆಕ್ಟರ್ ಕೋಣೆಯ ಕಿಂಡಿಗಳಿಂದ ಸೋರಿ ಬಂದಾಗ ಪ್ರೇಕ್ಷಕರು ಬೀದಿಗೆ ಓಡಿಬರುವ ದೃಶ್ಯವನ್ನು ಫೀನಿಕ್ಸ್‌ವಿಲ್ ಊರಿನ ಕಲೋನಿಯಲ್ ಚಿತ್ರಮಂದಿರದ ಮುಂದೆ ತೆಗೆದಿದ್ದರು. 1903ರ ಆ ಕಟ್ಟಡ ಇಂದಿಗೂ ಚಿತ್ರಮಂದಿರವಾಗಿಯೇ ಉಳಿದಿದೆ. 2000ದಿಂದೀಚೆಗೆ ಅಲ್ಲಿ ನಡೆಯುತ್ತ ಬಂದಿರುವ ‘ಬ್ಲಾಬ್‌ಫೆಸ್ಟ್’ನಲ್ಲಿ ಜನ ಅದೇ ಬಾಗಿಲುಗಳಿಂದ, ಅದೇ ಬೀದಿಗೆ, ಕೂಗುತ್ತ ಓಡಿಬರುತ್ತಾರೆ.